ಕಣ್ಣೀರು ಸುಳಿಯ ಕಿಸ್ಬೇರ್

ರಕ್ಷಿತಾ, ಕುದುರೆ ಲಾಯದ ಕೆಲಸಕ್ಕೆ ಸೇರುತ್ತೇನೆ ಎಂದು ನೀನು ಹೇಳಿದಾಗ ನಿಮ್ಮಮ್ಮ ತಿರುಗಿ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದಳು. ನಾನು ಎದ್ದು ಒಳಗೆ ಹೋಗಿ ಸೊಪ್ಪು ಬಿಡಿಸುತ್ತಾ ಕೂತೆ. ಎದುರಿಗೆ ಕೂತು ಮಾತಾಡುವುದು ನನಗೆ ಯಾವತ್ತೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೆಯ ಕ್ಲಾಸಿನವರೆಗೆ. ಅಕ್ಷರ ತಪ್ಪಿದ್ದರೆ ನಿನ್ನ ತಮ್ಮ ಹೇಮಂತ ತಿದ್ದಲಿ, ತಿದ್ದುವ ನೆಪದಲ್ಲಿ ಅವನೂ ಓದಲಿ.

ನಿಮ್ಮ ತಾತ ಹೋದ ಮೇಲೆ ನನಗೆ ಆ ಕೆಲಸ ಸಿಕ್ಕಿತು. ಅವರು ಅಲ್ಲಿ ಸೈಸ್ ಆಗಿದ್ದರು, ಎಂದರೆ ಕುದುರೆಗಳಿಗೆ ತಿನ್ನಿಸಿ, ಉಜ್ಜಿ, ನಡೆದಾಡಿಸಿ ನೋಡಿಕೊಳ್ಳುವವರು. ಲಾಯ ಇದ್ದದ್ದು ಕಗ್ಗದಾಸಪುರದಿಂದ ಕೆ.ಆರ್.ಪುರದ ಕಡೆಗೆ ಹೋಗುವ ದಾರಿಯಲ್ಲಿ, ಕೆರೆಯ ಅಂಚಿಗೆ. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ, ಹೋಗಿ ಹುಡುಕಬೇಡ. ರಿಚರ್ಡ್ಸ್ ಟೌನಿನಲ್ಲಿದ್ದ ನಿವೃತ್ತ ಮೇಜರ್ ಒಬ್ಬರು ಅದನ್ನು ನಡೆಸುತ್ತಿದ್ದರು. ಇಂದಿರಾನಗರದ ಮಕ್ಕಳು ಕಾರಿನಲ್ಲಿ ಬಂದು ಸವಾರಿ ಕಲಿಯುತ್ತಿದ್ದರು. ತಾತ ತೀರಿಕೊಂಡಾಗ ನಿಮ್ಮಮ್ಮ ಸುಧಾ ಇನ್ನೂ ಶಾಲೆಗೆ ಸೇರಿರಲಿಲ್ಲ. ಮೇಜರ್ ಹೇಳಿ ಕಳಿಸಿ ಲದ್ದಿ ಎತ್ತುವ, ಹುಲ್ಲು ಕತ್ತರಿಸುವ ಕೆಲಸ ಕೊಟ್ಟರು. ಕುದುರೆ ಮುಟ್ಟುವ ಕೆಲಸ ಹೆಂಗಸರದ್ದಲ್ಲ ಎಂಬುದು ಅಲ್ಲಿನ ನಿಯಮ. ಯಾರೂ ಬರೆದಿಟ್ಟಿರಲಿಲ್ಲ, ಆದರೂ ಇತ್ತು.

ಆಗ ನನಗೆ ನಾಚಿಕೆ ಎಂಥದ್ದೆಂದರೆ ಮೇಜರ್ ಏನಾದರೂ ಕೇಳಿದರೆ ಕಂಬದ ಹಿಂದೆ ನಿಂತು ಉತ್ತರ ಕೊಡುತ್ತಿದ್ದೆ. ಅವರು ಹಿರಿಯ ಸೈಸ್ ಬಾಷಾ ಭಾಯ್ ಕಡೆ ತಿರುಗಿ, "ಏನಪ್ಪಾ ಬಾಷಾ, ಆ ಕಂಬ ಏನೋ ಹೇಳ್ತಿದೆಯಲ್ಲ, ಕೇಳಿ ಹೇಳು," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಆ ನಗುವಿನಲ್ಲಿ ಕೇಡು ಇರಲಿಲ್ಲ. ಆದರೂ ನಾನು ಮನೆಗೆ ಹೋಗಿ ಆ ದಿನದ ಮಾತನ್ನೆಲ್ಲ ಮತ್ತೆ ಮತ್ತೆ ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದೆ. ಸುಮ್ಮನೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಕೈಗೆ ಕೆಲಸವಿಲ್ಲದಿದ್ದರೆ ಎದೆಯೊಳಗೆ ಏನೋ ಓಡಾಡಿದ ಹಾಗಾಗುತ್ತಿತ್ತು.

ಬಾಷಾ ಭಾಯ್ ಶಿವಾಜಿನಗರದವರು. ಅವರ ಅಪ್ಪನೂ ಕುದುರೆಯವರೇ, ಅಜ್ಜನೂ ಹಾಗೇ. ರಸೆಲ್ ಮಾರುಕಟ್ಟೆಯಲ್ಲಿ ಸೊಟ್ಟಗಿದ್ದ ಕ್ಯಾರೆಟ್ಟುಗಳನ್ನು ಆರಿಸಿ ಚೀಲ ತುಂಬಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಕುದುರೆಯ ಮಾಲೀಶು ಹೇಗಿರಬೇಕೆಂದು ನಾನು ಕಲಿತದ್ದು ಅವರನ್ನು ದೂರದಿಂದ ನೋಡಿ. ಒಣಹುಲ್ಲನ್ನು ಹೊಸೆದು ಹಿಡಿ ಮಾಡಿ, ತಮ್ಮ ಮೈಭಾರವನ್ನೆಲ್ಲ ತೋಳಿಗೆ ತಂದು ಉಜ್ಜುತ್ತಿದ್ದರು. ಕೆಲಸ ಮುಗಿದ ಮೇಲೆ ಕುದುರೆಯ ಮೈಮೇಲೆ ಬಿಳಿ ಕರವಸ್ತ್ರ ಎಳೆದು ನೋಡುವರು, ಕೊಳೆ ಹತ್ತಿದರೆ ಮತ್ತೆ ಮೊದಲಿನಿಂದ. ಈಗ ನಿಮಗೆಲ್ಲ ಬಗೆಬಗೆಯ ಬ್ರಷ್ಷು, ಯಂತ್ರ ಕೊಡುತ್ತಾರಂತೆ. ಕೊಡಲಿ. ಆದರೆ ಬರಿಗೈಯಲ್ಲಿ ಒಮ್ಮೆ ಇಡೀ ಮೈ ಸವರು. ಬಿಸಿ, ಬಾವು, ಮುಳ್ಳು ಬ್ರಷ್ಷಿಗೆ ಗೊತ್ತಾಗುವುದಿಲ್ಲ.

ಮೊದಲ ವರ್ಷದ ಆಯುಧಪೂಜೆಯ ಕಥೆ ಹೇಳಿಬಿಡುತ್ತೇನೆ. ಅದೊಂದು ದಿನ ನಾನೂ ಕುದುರೆ ಮುಟ್ಟಬಹುದಿತ್ತು, ಅವುಗಳಿಗೆ ಹಾರ ಕಟ್ಟುವ ಕೆಲಸ ನನಗೆ ಬಂತು. ಬೆಳಿಗ್ಗೆಯಿಂದ ಚೆಂಡುಹೂವು ಕಟ್ಟಿ ಸಾಲಾಗಿ ನಿಂತ ಕುದುರೆಗಳಿಗೆಲ್ಲ ಹಾಕಿ, ಅರಿಶಿನ ಕುಂಕುಮ ಇಟ್ಟು, ಮಂಗಳಾರತಿ ತಟ್ಟೆ ತರಲು ಒಳಗೆ ಹೋದೆ. ಮೇಜರ್ ಮನೆಯವರನ್ನು ಕರೆದುಕೊಂಡು ಬರುವ ಹೊತ್ತಿಗೆ ಒಂದೊಂದು ಕುದುರೆಯೂ ಪಕ್ಕದ ಕುದುರೆಯ ಹಾರ ತಿಂದು ಮುಗಿಸಿತ್ತು. ಕತ್ತಿನಲ್ಲಿ ಬರೀ ದಾರ ನೇತಾಡುತ್ತಿತ್ತು. ಮೇಜರ್ ಬಹಳ ಹೊತ್ತು ಆ ದಾರಗಳನ್ನೇ ನೋಡಿ, ಪೂಜೆ ಚೆನ್ನಾಗಿ ಆಗಿದೆ, ಪ್ರಸಾದವೂ ಹಂಚಿಯಾಗಿದೆ ಎಂದರು. ಅಂದಿನಿಂದ ಪ್ರತಿ ವರ್ಷ ಹಾರ ಹಾಕಿದ ಮೇಲೆ ನಾನು ಅಲ್ಲಿಂದ ಕದಲಲಿಲ್ಲ.

ಹೀಗೇ ವರ್ಷಗಳು ಹೋದವು. ಸುಧಾ ಓದಿದಳು, ಮದುವೆಯಾಗಿ ಹಲಸೂರಿಗೆ ಹೋದಳು. ನಾನು ಇನ್ನೂ ಲದ್ದಿ ಎತ್ತುತ್ತಲೇ ಇದ್ದೆ. ಯಾರೂ ನೋಡದಾಗ ಮುದಿ ಕುದುರೆಗಳ ಮೂಗು ಸವರುತ್ತಿದ್ದೆ, ಅಷ್ಟೇ. ಆಗ ಬಂದ ಬೆಟ್ಟಯ್ಯ.

ಕಾಗದದಲ್ಲಿದ್ದ ಅವನ ಹೆಸರು ನಮ್ಮ ನಾಲಿಗೆಗೆ ಹತ್ತಲಿಲ್ಲ, ಅದಕ್ಕೆ ಹತ್ತಿರವಾಗಿ ಬೆಟ್ಟಯ್ಯ ಎಂದು ಕರೆದೆವು. ಹಂಗೇರಿ ದೇಶದವನು, ಬೀಜ ತೆಗೆದ ಗಂಡು ಕುದುರೆ. ತಳಿಯ ಹೆಸರು ಕಿಸ್ಬೇರ್. ಆ ದೇಶದಲ್ಲಿ ಆ ಹೆಸರಿನ ಊರೊಂದಿದೆಯಂತೆ, ಅಲ್ಲಿನ ದೊಡ್ಡ ಲಾಯದಲ್ಲಿ ಬೆಳೆಸಿದ ಕುದುರೆಗಳಿಗೆ ಊರಿನದೇ ಹೆಸರು. ಮೇಜರ್ ನಮ್ಮನ್ನೆಲ್ಲ ಜೀಪಿನ ಸುತ್ತ ನಿಲ್ಲಿಸಿ ಹೇಳಿದ್ದರು. ಇದು ಪೂರ್ತಿ ರೇಸ್ ಕುದುರೆಯಲ್ಲ. ರೇಸ್ ಕುದುರೆಯ ರಕ್ತವೇ ಹೆಚ್ಚು, ಅದಕ್ಕೆ ಅಲ್ಲಿನ ಗಟ್ಟಿ ಕುದುರೆಗಳ ರಕ್ತ ಬೆರೆಸಿದ್ದಾರೆ. ಮೊದಲು ಸೈನ್ಯದವರ ಸವಾರಿಗೆಂದು ಬೆಳೆಸಿದರು, ಆಮೇಲೆ ಜಿಗಿತದ ಆಟಗಳಿಗೆ. ಮಹಾಯುದ್ಧದ ಕಾಲದಲ್ಲಿ ಎಷ್ಟೋ ಕುದುರೆಗಳು ಬೇರೆ ದೇಶಗಳ ಪಾಲಾಗಿ, ಈಗ ಲೋಕದಲ್ಲೇ ಕೆಲವೇ ಉಳಿದಿವೆ. ಮೇಜರ್ ಅವರ ಸೈನ್ಯದ ದಿನಗಳ ಹಳೆಯ ಗೆಳೆಯರೊಬ್ಬರ ಮೂಲಕ ಇದು ಇಲ್ಲಿಗೆ ಬಂತು.

ನಮ್ಮಲ್ಲಿದ್ದವು ಹೆಚ್ಚಿನವು ಕಿವಿಯ ತುದಿ ಒಂದಕ್ಕೊಂದು ತಾಗುವ ಮಾರವಾಡಿ ಕುದುರೆಗಳು, ಇಲ್ಲವೇ ರೇಸಿನಿಂದ ಬಿಟ್ಟು ಬಂದವು. ಬೆಟ್ಟಯ್ಯ ಇಳಿದಾಗ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಬಂದರು. ಮಣ್ಣಿನ ಹೆಂಚಿನ ಬಣ್ಣ. ಉದ್ದ ಕತ್ತು, ಹಿಂದಕ್ಕೆ ಇಳಿಜಾರಾದ ಭುಜ, ಆಳವಾದ ಎದೆ. ಕಾಲು ಉದ್ದ, ಆದರೆ ಕಡ್ಡಿಯ ಹಾಗಲ್ಲ. ಮೂಳೆ ಗಟ್ಟಿ. ಹೆಜ್ಜೆ ಹಾಕಿದರೆ ಹಿಂದಿನ ಕಾಲು ಮುಂದಿನ ಕಾಲಿನ ಗುರುತನ್ನು ದಾಟಿ ಬೀಳುತ್ತಿತ್ತು. ಚರ್ಮ ಎಷ್ಟು ತೆಳುವೆಂದರೆ ಮುಖದಲ್ಲಿ ನರಗಳು ಬಳ್ಳಿಯ ಹಾಗೆ ಕಾಣುತ್ತಿದ್ದವು. ಒಂದು ನೊಣ ಕೂತರೂ ಆ ಜಾಗ ಮಾತ್ರ ಅದುರುತ್ತಿತ್ತು.

ಬಾಷಾ ಭಾಯ್ ಮುಂದೆ ಬಂದು ಅದರ ಹಣೆ ಸವರಿದರು. ಕೈ ಕೆಳಗೆ ಇಳಿದು ಎಡಗಣ್ಣಿನ ಕೆಳಗೆ ಬಂದಾಗ ಬೆಂಕಿ ಮುಟ್ಟಿದವರಂತೆ ಹಿಂದಕ್ಕೆ ತೆಗೆದರು. ಅಲ್ಲಿ ಒಂದು ಸುಳಿ ಇತ್ತು.

ಸುಳಿ ಎಂದರೆ ಕೂದಲು ಸುತ್ತಿ ಬೆಳೆದ ಗುರುತು, ನಿಮ್ಮ ನೆತ್ತಿಯ ಮೇಲೂ ಇದೆ. ನಮ್ಮ ಕಡೆ ಎತ್ತು ಕೊಳ್ಳುವಾಗ ಹಲ್ಲು ನೋಡುವುದಕ್ಕಿಂತ ಮೊದಲು ಸುಳಿ ನೋಡುತ್ತಾರೆ. ನಮ್ಮಪ್ಪ ಒಂದು ಒಳ್ಳೆಯ ಹೋರಿಯನ್ನು ಸುಳಿ ಸರಿಯಿಲ್ಲವೆಂದು ಸಂತೆಯಲ್ಲೇ ಬಿಟ್ಟು ಬರಿಗೈಯಲ್ಲಿ ನಡೆದು ಬಂದದ್ದು ನನಗೆ ನೆನಪಿದೆ. ಕುದುರೆಯವರಿಗೂ ಇದೇ ನಂಬಿಕೆ. ಕಣ್ಣಿನ ಕೆಳಗೆ, ನೀರು ಇಳಿಯುವ ಜಾಗದಲ್ಲಿ ಇರುವುದು ಕಣ್ಣೀರು ಸುಳಿ. ಎಲ್ಲ ಸುಳಿಗಳಲ್ಲಿ ಅದು ಕೆಟ್ಟದ್ದು. ಅಂಥ ಕುದುರೆಯನ್ನು ಸಾಕಿದವರ ಮನೆಯಲ್ಲಿ ಕಣ್ಣೀರು ಬೀಳುತ್ತದೆ, ಮನೆಯ ಗಂಡಸು ಉಳಿಯುವುದಿಲ್ಲ ಎನ್ನುತ್ತಾರೆ.

ಮಾರನೆಯ ದಿನದಿಂದ ಒಬ್ಬೊಬ್ಬ ಸೈಸಿಗೂ ಒಂದೊಂದು ನೆಪ. ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ತಮ್ಮ ಪಾಲಿನ ಕುದುರೆಗಳೇ ಹೆಚ್ಚಾದವು. ಕೊನೆಗೆ ಬಾಷಾ ಭಾಯ್ ಮೇಜರ್ ಹತ್ತಿರ ಹೋಗಿ ನನ್ನ ಹೆಸರು ಹೇಳಿ, ರತ್ನಮ್ಮ ನೋಡಿಕೊಳ್ಳಲಿ ಎಂದರು. ಮೇಜರ್‌ಗೆ ಆಶ್ಚರ್ಯವಾಯಿತು, ಆದರೆ ಒಪ್ಪಿದರು. ನನಗೆ ಕಾರಣ ತಿಳಿದದ್ದು ಸಂಜೆ. ಜೀನುಗಳನ್ನು ಇಡುವ ಕೋಣೆಯ ಹೊರಗೆ ಗುಡಿಸುತ್ತಿದ್ದೆ, ಒಳಗೆ ಒಬ್ಬರು ಹೇಳುತ್ತಿದ್ದರು: "ಆಯಮ್ಮನಿಗೇನು ಭಯ ಗುರು? ಹೋಗೋರು ಆಗ್ಲೇ ಹೋಗಿದ್ದಾರೆ."

ಆ ಮಾತು ಚುಚ್ಚಿತು. ಚುಚ್ಚಿದರೂ, ಒಂದು ಕುದುರೆ ನನ್ನ ಕೈಗೆ ಬಂತಲ್ಲ ಎಂಬ ಸಂತೋಷವೂ ಇತ್ತು. ಎರಡೂ ಒಟ್ಟಿಗೆ ಇರಬಹುದು ಎಂದು ನನಗೆ ಅಂದೇ ಗೊತ್ತಾದದ್ದು.

ಮೊದಲ ದಿನಗಳಲ್ಲಿ ನಾವು ಮಾಡಿದ ಎಡವಟ್ಟು ಕೇಳು. ಹೊಸ ಕುದುರೆ ಬಂದರೆ ಹುರುಳಿ ಬೇಯಿಸಿ ಬೆಲ್ಲ ಹಾಕಿ ತಿನ್ನಿಸುವುದು ನಮ್ಮ ಉಪಚಾರ. ವಿಮಾನದಲ್ಲಿ ಬಂದು ಸೊರಗಿದ್ದಾನೆಂದು ಬಕೆಟ್ ತುಂಬ ತಿನ್ನಿಸಿದೆವು. ಅವನ ಮೈಯಲ್ಲಿ ಬೆಂಕಿ ಹೊತ್ತಿಕೊಂಡಂತಾಯಿತು. ಬಾಗಿಲು ಒದ್ದ, ನೀರಿನ ತೊಟ್ಟಿ ಉರುಳಿಸಿದ. ಸವಾರಿ ಕಲಿಸುವ ಅನಿತಾ ಮೇಡಂ ಬೆನ್ನೇರಿದರೆ ಬೇಲಿಯ ಆಚೆಗೇ ಜಿಗಿದು ಸೊಪ್ಪಿನ ಮಡಿಯಲ್ಲಿ ನಿಂತ. ಮೇಡಂ ಬೀಳಲಿಲ್ಲ. ಬೇಲಿಯ ಎತ್ತರ ನೋಡಿ, ಜಿಗಿತದಲ್ಲಿ ಕುದುರೆ ಪಾಸು, ಅಡುಗೆಯವರು ಫೇಲು ಎಂದರು. ಆಮೇಲೆ ಹುರುಳಿ ನಿಲ್ಲಿಸಿ ಓಟ್ಸು, ಬೂಸಾ, ಕುದುರೆ ಮೆಂತ್ಯದ ಸೊಪ್ಪು ಅಳತೆಯಲ್ಲಿ ಕೊಡಲು ಶುರು ಮಾಡಿದೆವು.

ಆಹಾರ ಬದಲಾದರೂ ಅವನ ಚಡಪಡಿಕೆ ಹೋಗಲಿಲ್ಲ. ಬಾಗಿಲ ಮೇಲೆ ತಲೆ ಹಾಕಿ ಎಡಕ್ಕೂ ಬಲಕ್ಕೂ ತೂಗುತ್ತಲೇ ಇರುತ್ತಿದ್ದ. ಆಗ ವಿಮಾನಗಳು ನಮ್ಮ ತಲೆಯ ಮೇಲೆಯೇ ಹಳೆಯ ನಿಲ್ದಾಣಕ್ಕೆ ಇಳಿಯುತ್ತಿದ್ದವು. ಉಳಿದ ಕುದುರೆಗಳಿಗೆ ಅದು ಕಾಗೆ ಹಾರಿದಷ್ಟೇ. ಇವನು ಪ್ರತಿ ಸಲವೂ ಬೆವರುತ್ತಿದ್ದ. ಹಳೆಯ ಪದ್ಧತಿಯಲ್ಲಿ ಇಂಥ ಕುದುರೆಯ ಮುಂಗಾಲು ಹಿಂಗಾಲುಗಳಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯುತ್ತಿದ್ದರು. ಹಾಗೆ ಕಟ್ಟಿದ ದಿನ ಅವನು ಮೇವು ಮುಟ್ಟಲಿಲ್ಲ. ಈ ತಳಿ ಮುದ್ದಿಗೆ ಬಗ್ಗುತ್ತದೆ, ಗದರಿದರೆ ಕೆಡುತ್ತದೆ, ಕೆಲಸವಿಲ್ಲದೆ ನಿಲ್ಲಿಸಿದರೆ ಹುಚ್ಚಾಗುತ್ತದೆ ಎಂದು ಮೇಜರ್ ಹಗ್ಗ ಬಿಚ್ಚಿಸಿದರು. ನಡೆದಾಡಿಸು, ನಡೆದಾಡಿಸುತ್ತಲೇ ಇರು ಎಂದು ನನಗೆ ಅಪ್ಪಣೆಯಾಯಿತು.

ನಡೆಯುವುದು ನನಗೆ ಕಷ್ಟವೇ? ಇಬ್ಬರೂ ಸವಾರಿ ಕಲಿಸುವ, ಬೇಲಿ ಹಾಕಿದ ರಿಂಗಿನಲ್ಲಿ ಸುತ್ತಿದೆವು, ಕೆರೆಯ ಏರಿಯ ಮೇಲೆ ಹೋದೆವು. ಮೊದಮೊದಲು ಹೆದರಿ ಹಗ್ಗವನ್ನು ಕೈಗೆ ಸುತ್ತಿಕೊಂಡು ಹಿಡಿಯುತ್ತಿದ್ದೆ. ಅನಿತಾ ಮೇಡಂ ಸಿಟ್ಟಿನ ಹೆಂಗಸು, ಹೊಗಳಿಕೆ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಒಂದು ದಿನ ನನ್ನ ಕೈ ನೋಡಿ, "ಹೆದರ್ಕೊಂಡೇ ಹಿಡ್ಕೊಳ್ಳಿ ರತ್ನಮ್ಮ, ಪರ್ವಾಗಿಲ್ಲ. ಹಗ್ಗ ಮಾತ್ರ ಕೈಗೆ ಸುತ್ಕೋಬೇಡಿ, ಬೆರಳು ಹೋಗುತ್ತೆ," ಎಂದರು. ಇದನ್ನು ನೀನೂ ನೆನಪಿಟ್ಟುಕೋ. ಹಗ್ಗವನ್ನು ಮಡಚಿ ಹಿಡಿಯಬೇಕು, ಸುತ್ತಿಕೊಳ್ಳಬಾರದು.

ಬರಬರುತ್ತಾ ಅವನಿಗೆ ನನ್ನ ಸೀರೆಯ ಸದ್ದು ಗೊತ್ತಾಯಿತು. ಬಸ್ಸಿಳಿದು ಗೇಟಿಗೆ ಬರುವ ಮೊದಲೇ ಕೆನೆಯುತ್ತಿದ್ದ. ಲಾಳ ಹೊಡೆಯುವವರು ಬಂದರೆ ನಾನು ಹಿಡಿದರೆ ಮಾತ್ರ ಕಾಲು ಕೊಡುತ್ತಿದ್ದ. ಜಿಗಿತದ ಕಂಬಗಳ ಮುಂದೆ ಬಂದಾಗ ಕಿವಿ ನೇರ ಮಾಡಿ, ಅವನೇ ಹೆಜ್ಜೆ ಎಣಿಸಿಕೊಂಡ ಹಾಗೆ ಓಡಿ ಹಾರುತ್ತಿದ್ದ. ಒಮ್ಮೆ ಕಲಿತದ್ದನ್ನು ಮರೆಯುತ್ತಿರಲಿಲ್ಲ. ಒಮ್ಮೆ ಹೊಡೆದವರನ್ನೂ ಮರೆಯುತ್ತಿರಲಿಲ್ಲ. ಆದರೆ ನಾನು ಅವನ ಎಡಗಣ್ಣಿನ ಕೆಳಗೆ ಒರೆಸುವಾಗ ಬೇರೆ ಕಡೆ ನೋಡುತ್ತಿದ್ದೆ. ನಾನೂ ಅದೇ ಅಪ್ಪನ ಮಗಳಲ್ಲವೇ? ಸುಳಿಯ ಭಯ ನನಗಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಆ ಕಾಲದಲ್ಲಿ ಲಾಯದಲ್ಲಿ ಏನು ಕೆಟ್ಟರೂ ಕಾರಣ ಅವನೇ. ಒಬ್ಬ ಸೈಸು ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡ, ಸುಳಿ. ಒಂದು ಹೆಣ್ಣು ಕುದುರೆಗೆ ಹೊಟ್ಟೆನೋವು ಬಂತು, ಸುಳಿ. ಕೊಳವೆಬಾವಿ ಬತ್ತಿದ್ದಕ್ಕೂ ಅದೇ. ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಆಮೇಲೆ ಸುಧಾ ಬಸುರಾದಳು.

ಏಳು ತಿಂಗಳಾದಾಗ ಅವಳ ಕಾಲು, ಮುಖ ಊದಿಕೊಂಡವು. ಬಿಪಿ ಏರಿದೆ, ತಾಯಿಗೂ ಮಗುವಿಗೂ ಅಪಾಯ, ಓಡಾಡಬಾರದು ಎಂದರು ಡಾಕ್ಟರು. ಕುದುರೆಯ ವಿಷಯ ಹಲಸೂರಿನವರೆಗೆ ಹೇಗೆ ಹೋಯಿತೋ ಗೊತ್ತಿಲ್ಲ. ಒಂದು ಭಾನುವಾರ ನಾನು ಸಜ್ಜಿಗೆ ಮಾಡಿಕೊಂಡು ಮಗಳನ್ನು ನೋಡಲು ಹೋದಾಗ ನಿಮ್ಮ ಹಲಸೂರಜ್ಜಿ ಬಾಗಿಲಲ್ಲೇ ನಿಲ್ಲಿಸಿದರು.

"ಬೀಗರೇ, ಬೇಜಾರು ಮಾಡ್ಕೋಬೇಡಿ," ಎಂದರು. "ಆ ಕುದುರೆ ಮುಟ್ಟಿದ ಕೈಲಿ ನನ್ನ ಸೊಸೆನ ಮುಟ್ಬೇಡಿ. ಅದನ್ನ ಬಿಡಿ, ಇಲ್ಲ ಅದರ ಸುಳಿ ಹೋಗೋ ಹಾಗೆ ಏನಾದ್ರೂ ಮಾಡ್ಸಿ. ಅಲ್ಲೀತನಕ ಬರ್ಬೇಡಿ."

ಅವರನ್ನು ಈಗ ದೂರಬೇಡಿ. ಅವರು ಹಿಂದೆ ಒಂದು ಹೆರಿಗೆಯಲ್ಲಿ ತಮ್ಮ ಅಕ್ಕನನ್ನು ಕಳೆದುಕೊಂಡಿದ್ದವರು. ಸಜ್ಜಿಗೆ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಬಂದೆ. ಒಳಗಿನಿಂದ ಸುಧಾ "ಅಮ್ಮಾ" ಎಂದು ಕರೆದದ್ದು ಕೇಳಿಸಿತು.

ಆಮೇಲಿನ ವಾರಗಳು ಹೇಗೆ ಹೋದವೆಂದು ಹೇಳಲಾರೆ. ಅನ್ನದ ಮುಂದೆ ಕೂತರೆ ಏಳಬೇಕೆನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ಕೆಲಸ ಬಿಡೋಣವೆಂದು ಒಂದು ದಿನ ಹೊರಟೇಬಿಟ್ಟಿದ್ದೆ. ಆದರೆ ನಾನು ಬಿಟ್ಟರೆ ಬೆಟ್ಟಯ್ಯನನ್ನು ಮುಟ್ಟುವವರಿಲ್ಲ. ಕೊಳ್ಳಲು ಬಂದಿದ್ದ ಒಬ್ಬರು ಅವನ ನಡಿಗೆಗೆ ಮರುಳಾಗಿ, ಮುಖದ ಹತ್ತಿರ ಬಂದು ಸುಳಿ ನೋಡಿ, ಹಿಂತಿರುಗಿ ಹೋಗಿದ್ದರು. ಮತ್ತೆ ಅವನ ಕಾಲಿಗೆ ಹಗ್ಗವೇ ಗತಿ. ಗೇಟಿನವರೆಗೆ ಹೋಗಿ, ತಿರುಗಿ ಬಂದು ಅವನಿಗೆ ನೀರು ಇಟ್ಟೆ. ಸುಧಾಳ ಸುದ್ದಿಯನ್ನು ನಿಮ್ಮಪ್ಪ ಲಾಯದ ಫೋನಿಗೆ ಹೇಳುತ್ತಿದ್ದರು. ಆ ಫೋನ್ ಯಾರಿಗೆ ಬಂದರೂ ನಾನು ಆಫೀಸಿನ ಬಾಗಿಲಿಗೆ ಓಡುತ್ತಿದ್ದೆ.

ಸುಧಾಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಇವತ್ತೇ ಹೆರಿಗೆ ಮಾಡಿಸುತ್ತಾರಂತೆ ಎಂದು ಫೋನ್ ಬಂದದ್ದು ಲಾಳ ಹೊಡೆಯುವ ದಿನ. ಮೇಜರ್ ಊರಲ್ಲಿರಲಿಲ್ಲ. ನಾನು ಹೋಗುವಂತಿರಲಿಲ್ಲ. ಪೊರಕೆ ಹಿಡಿದು ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದೆ. ಆಗ ಬಾಷಾ ಭಾಯ್ ಬಂದು ಬೆಟ್ಟಯ್ಯನನ್ನು ಹೊರಗೆ ತರಲು ಹೇಳಿದರು. ಲಾಳಕ್ಕೆ ಎಂದುಕೊಂಡು ತಂದೆ. ಲಾಳ ಕಾಯಿಸುವ ಒಲೆಯಲ್ಲಿ ಕೆಂಡ ಕೆಂಪಾಗಿತ್ತು. ಅದರೊಳಗೆ ಲಾಳವಲ್ಲ, ಬೆರಳು ದಪ್ಪದ ಒಂದು ಸರಳು ಇತ್ತು.

ಕೆಟ್ಟ ಸುಳಿಯ ಮೇಲೆ ಬರೆ ಹಾಕಿ ಅಳಿಸುವುದು ನಮ್ಮ ಕಡೆ ದನಗಳಿಗೆ ಮಾಡುತ್ತಿದ್ದ ಕೆಲಸ. ಕೂದಲು ಸುಟ್ಟು ಹೋದರೆ ಸುಳಿಯೂ ಹೋಯಿತು, ದೋಷವೂ ಹೋಯಿತು ಎಂದು ಲೆಕ್ಕ. ಬಾಷಾ ಭಾಯ್ ಹಲಸೂರಿಗೆ ಹೋಗಿ ಬೀಗಿತ್ತಿಯೊಂದಿಗೆ ಮಾತಾಡಿ ಬಂದಿದ್ದರು. ಬರೆ ಹಾಕಿದ ಮೇಲೆ ನನ್ನನ್ನು ಒಳಗೆ ಬಿಡುವುದಾಗಿ ಬೀಗಿತ್ತಿ ಒಪ್ಪಿದ್ದರು. ಇದೆಲ್ಲವನ್ನೂ ಭಾಯ್ ನನ್ನ ಕಡೆ ನೋಡದೆ, ನೆಲ ನೋಡುತ್ತಾ ಹೇಳಿದರು. ಮೇಜರ್‌ಗೆ ತಿಳಿದರೆ ತಮ್ಮ ಕೆಲಸ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಆದರೂ ನನಗಾಗಿ ಮಾಡಲು ನಿಂತಿದ್ದರು.

"ನೀವು ಹಿಡ್ಕೊಂಡ್ರೆ ಸಾಕು," ಎಂದರು. "ಬೇರೆಯವರು ಹಿಡಿದ್ರೆ ನಿಲ್ಲಲ್ಲ ಅವನು. ಒಂದೇ ನಿಮಿಷ. ಆಮೇಲೆ ಸೀದಾ ಆಸ್ಪತ್ರೆಗೆ ಹೋಗಿ, ಮಗಳ ಹತ್ರ ಕೂತ್ಕೊಳ್ಳಿ."

ನಾನು ಹಗ್ಗ ಮಡಚಿ ಹಿಡಿದೆ. ಹಿಡಿದೆ ಎಂಬುದನ್ನೂ ಬರೆಯಬೇಕು. ನನ್ನ ಮಗಳು ಆಸ್ಪತ್ರೆಯ ಮಂಚದ ಮೇಲಿದ್ದಳು. ಸುಳಿ ಸುಳ್ಳೋ ನಿಜವೋ, ಒಂದು ವೇಳೆ ನಿಜವಾಗಿದ್ದರೆ? ಬಾಷಾ ಭಾಯ್ ಸರಳು ತೆಗೆದು ಹತ್ತಿರ ಬಂದರು. ಅದರ ಬಿಸಿ ನನ್ನ ಕೆನ್ನೆಗೂ ತಾಗಿತು. ಬೆಟ್ಟಯ್ಯ ಕೊಸರಲಿಲ್ಲ, ಒದೆಯಲಿಲ್ಲ. ವಿಮಾನದ ಸದ್ದಿಗೆ ಬೆವರುವ ಕುದುರೆ ಕೆಂಪು ಸರಳು ಎದುರಿಗೆ ಬಂದರೂ ನಿಂತೇ ಇತ್ತು, ಹಗ್ಗ ನನ್ನ ಕೈಯಲ್ಲಿದ್ದುದರಿಂದ. ಆ ತೆಳು ಚರ್ಮದ ಕೆಳಗೆ ಒಂದು ನರ ಬಡಿದುಕೊಳ್ಳುತ್ತಿತ್ತು, ಸುಳಿಯ ಪಕ್ಕದಲ್ಲೇ. ನಾನು ಅಂದು ಬೇರೆ ಕಡೆ ನೋಡಲಿಲ್ಲ.

ಅವನ ಮುಖ ತಿರುಗಿಸಿ ನನ್ನ ಭುಜದ ಈಚೆಗೆ ತಂದುಕೊಂಡು ರಿಂಗಿನ ಕಡೆ ನಡೆದುಬಿಟ್ಟೆ.

ಬಾಷಾ ಭಾಯ್ ಹಿಂದೆಯೇ ಬಂದರು. "ನಾಳೆ ಏನಾದ್ರೂ ಆದ್ರೆ ಏನ್ ಮಾಡ್ತೀರಮ್ಮಾ? ಜೀವ ಇರೋತನಕ ಕೊರಗ್ತೀರ," ಎಂದರು.

"ಆದ್ರೆ ಅದು ನನ್ನ ತಲೆ ಮೇಲಿರ್ಲಿ ಭಾಯ್," ಎಂದೆ. "ಅವನ ಮುಖದ ಮೇಲೆ ಬೇಡ."

ಅಷ್ಟು ಗಟ್ಟಿಯಾಗಿ ನಾನು ಆ ಲಾಯದಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಅವರು ಹಿಂತಿರುಗಿ ಸರಳನ್ನು ನೀರಿನ ಬಕೆಟ್ಟಿಗೆ ಹಾಕಿದ ಸದ್ದು ಕೇಳಿಸಿತು.

ಧೈರ್ಯ ಬಂತೆಂದು ತಿಳಿಯಬೇಡ. ಅದರ ಮರುಕ್ಷಣದಿಂದಲೇ ಭಯ ಶುರುವಾಯಿತು. ರಿಂಗಿನಲ್ಲಿ ಸುತ್ತಿದೆವು. ಒಂದು ಸುತ್ತಿನಲ್ಲಿ ಸರಿ ಮಾಡಿದೆ ಅನ್ನಿಸಿದರೆ ಮುಂದಿನ ಸುತ್ತಿನಲ್ಲಿ ಹಿಂತಿರುಗಿ ಹೋಗಿ ಬರೆ ಹಾಕಿಸಿಬಿಡಲೇ ಅನ್ನಿಸುತ್ತಿತ್ತು. ಊರಿನ ದೇವರ ಹೆಸರು ಹೇಳಿದೆ, ಬಾಷಾ ಭಾಯ್ ಹರಕೆ ಹೊರುವ ದರ್ಗಾದ ಹೆಸರನ್ನೂ ಹೇಳಿದೆ. ಬಿಸಿಲು ಏರಿತು, ಇಬ್ಬರೂ ಬೆವರಿದೆವು. ನೆರಳಿಗೆ ನಿಲ್ಲಿಸಿದರೆ ಇಬ್ಬರಿಗೂ ನಿಲ್ಲಲು ಆಗಲಿಲ್ಲ. ಆಫೀಸಿನಲ್ಲಿ ಫೋನ್ ಹೊಡೆದುಕೊಂಡಿತು. ಬಾಷಾ ಭಾಯ್ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ ಎಂದು ನನಗನ್ನಿಸಿತು, ಅಷ್ಟು ಹೊತ್ತೇನೂ ಆಗಿರಲಿಕ್ಕಿಲ್ಲ.

ಅವರು ಬೇಲಿಯ ಕಂಬ ಸರಿಸಿ ಒಳಗೆ ಬಂದು, ಬೆಟ್ಟಯ್ಯನ ಆಚೆ ಬದಿಯಲ್ಲಿ ನಮ್ಮ ಜೊತೆ ಹೆಜ್ಜೆ ಹಾಕುತ್ತಾ ಹೇಳಿದರು. ಹೆಣ್ಣು ಮಗು. ಆಪರೇಷನ್ ಆಗಿದೆ. ಮಗು ಸಣ್ಣಗಿದೆ, ಆದರೆ ಅಳುತ್ತಿದೆ. ಸುಧಾಗೆ ಎಚ್ಚರವಾಗಿದೆ, ನನ್ನನ್ನು ಕೇಳಿದಳಂತೆ. ಇಷ್ಟು ಹೇಳಿ, ಬಂದ ದಿನದಿಂದ ಮುಟ್ಟದಿದ್ದ ಆ ಕುದುರೆಯ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಹೋಗಿ. ಬೆವರು ಆರೋತನಕ ನಾನು ನಡೆಸ್ತೀನಿ."

ಸುಳಿ ಸುಳ್ಳೆಂದು ಇದರಿಂದ ಗೊತ್ತಾಯಿತು ಎಂದು ನಾನು ಹೇಳುವುದಿಲ್ಲ. ಬೆಟ್ಟಯ್ಯ ಮುದುಕನಾಗಿ ಆ ಲಾಯದಲ್ಲೇ ಸಾಯುವವರೆಗೂ ನಿಮ್ಮಿಬ್ಬರಲ್ಲಿ ಯಾರಿಗೆ ಜ್ವರ ಬಂದರೂ ನನಗೆ ಮೊದಲು ಅವನ ಎಡಗಣ್ಣೇ ನೆನಪಾಗುತ್ತಿತ್ತು. ಆದರೆ ಮುಖ ತೊಳೆಯುವಾಗ ಆ ಜಾಗ ಬಿಡುತ್ತಿರಲಿಲ್ಲ. ನಿನ್ನ ಲಾಯದಲ್ಲೂ ಯಾರಾದರೂ ಇಂಥದ್ದು ಹೇಳುತ್ತಾರೆ, ಸುಳಿ ಅಲ್ಲದಿದ್ದರೆ ಇನ್ನೊಂದು. ಅವರೊಂದಿಗೆ ವಾದಕ್ಕೆ ಹೋಗಬೇಡ. ಹಗ್ಗ ನಿನ್ನ ಕೈಯಲ್ಲಿದೆಯಲ್ಲ, ಅದನ್ನು ನೋಡಿಕೋ.

ಆಸ್ಪತ್ರೆಗೆ ಹೋದದ್ದು ಹೇಳಿ ಮುಗಿಸುತ್ತೇನೆ. ಎರಡು ಬಸ್ಸು ಬದಲಾಯಿಸಿ ಹೋದೆ. ವಾರ್ಡಿನ ಬಾಗಿಲಿಗೆ ಹೋದಾಗಲೇ ನೆನಪಾದದ್ದು, ಸೆರಗಿಗೆಲ್ಲ ಬೆಟ್ಟಯ್ಯನ ಕೆಂಗಂದು ಕೂದಲು ಅಂಟಿತ್ತು. ಒಳಗೆ ಕಾಲಿಡಲಿಲ್ಲ. ಮಂಚದ ಮೇಲೆ ಸುಧಾ ಮಲಗಿದ್ದಳು, ಮುಖದ ಊತ ಇಳಿದಿರಲಿಲ್ಲ, ನನ್ನನ್ನು ನೋಡಿ ಕೈ ಎತ್ತಿದಳು. ಹಲಸೂರಜ್ಜಿ ಬಿಳಿ ಪಂಚೆಯಲ್ಲಿ ಸುತ್ತಿದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಬರೆ ಹಾಕ್ಸಿದ್ರಾ ಬೀಗರೇ?" ಎಂದು ಕೇಳಿದರು.

ಹೂಂ ಎಂದಿದ್ದರೆ ಆಗುತ್ತಿತ್ತು. ಅವರು ಬಂದು ನೋಡುವವರಲ್ಲ.

"ಇಲ್ಲ," ಎಂದೆ. "ಆಗ್ಲಿಲ್ಲ ನನ್ನ ಕೈಲಿ."

ಅವರು ಮಗುವನ್ನು ನೋಡಿದರು. ಸೊಸೆಯನ್ನು ನೋಡಿದರು. ಸುಧಾ ಎತ್ತಿದ ಕೈಯನ್ನು ಇಳಿಸಿರಲಿಲ್ಲ. ವಾರ್ಡಿನಲ್ಲಿ ಯಾರದೋ ಮಗು ಅಳಲು ಶುರು ಮಾಡಿ ನಿಲ್ಲಿಸಿತು. ನಾನು ಹಿಂತಿರುಗಿ ಹೋಗಬೇಕೆಂದು ಹೆಜ್ಜೆ ಕಿತ್ತಾಗ ಅವರ ದನಿ ಕೇಳಿಸಿತು.

"ನಲ್ಲಿ ಅಲ್ಲಿದೆ. ಕೈ ತೊಳ್ಕೊಂಡ್ ಬನ್ನಿ."

ಮೊಣಕೈಯವರೆಗೆ ತೊಳೆದುಕೊಂಡು ಬಂದೆ. ಅವರು ಎದ್ದು, ನಿನ್ನನ್ನು ನನ್ನ ಕೈಗೆ ಕೊಟ್ಟು, ಪಂಚೆಯ ತುದಿ ಸರಿಮಾಡಿದರು. ಮೊಳದುದ್ದವೂ ಇಲ್ಲದ ಮಗು, ಒಂದು ಕ್ಷಣವೂ ಸುಮ್ಮನಿರಲಿಲ್ಲ. ಹೊದಿಸಿದ್ದನ್ನೆಲ್ಲ ನೀನು ಒದ್ದು ಬಿಚ್ಚುತ್ತಿದ್ದೆ.